ಬುತ್ತಿ ಇಲ್ಲದ ದಾರಿ

ನನ್ನ ಓರಗಿತ್ತಿಯ ಕಾರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ನೆಂಟರಿಷ್ಟರೆಲ್ಲ ತಿಳಿದುಕೊಂಡಿದ್ದರು. ಹೊಟ್ಟೆಕಿಚ್ಚು ಇದ್ದದ್ದು ನಿಜ, ಇಲ್ಲವೆನ್ನುವುದಿಲ್ಲ. ಆದರೆ ಕಾರಿನ ಮೇಲಲ್ಲ. ಕಾರೆಂದರೆ ಪೆಟ್ರೋಲಿನ ವಾಸನೆ, ಕಾಲು ಚಾಚಲು ಜಾಗವಿಲ್ಲ, ಇಳಿಯುವ ಹೊತ್ತಿಗೆ ಇಸ್ತ್ರಿ ಮಾಡಿದ ಸೀರೆ ಹಿಂಡಿ ಹಾಕಿದ ಬಟ್ಟೆಯಂತಾಗಿರುತ್ತದೆ. ಆ ಕಾರು ದಾರಿಯಲ್ಲಿ ನಿಲ್ಲುತ್ತಿತ್ತಲ್ಲ, ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ. ಯಾವ ಊರೂ ಅಲ್ಲದ ಕಡೆ, ಒಂದು ಮರ ಕಂಡಿತೆಂದು, ಒಂದು ಹೊಲದಿಂದ ಹೊಗೆ ಎದ್ದಿತೆಂದು, ಅದು ನಿಲ್ಲುತ್ತಿತ್ತು.

ಇದು ಐವತ್ತರ ದಶಕದ ಮಾತು. ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ನಮ್ಮ ಯಜಮಾನರು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಅವರ ಅಣ್ಣ, ಅಂದರೆ ನನ್ನ ಭಾವ, ದೊಡ್ಡ ಕಂಪನಿಯೊಂದರ ಎಂಜಿನಿಯರು. ಅವರಿಗೆ ಬಾಂದ್ರಾದಲ್ಲಿ ಬಾಲ್ಕನಿ ಇರುವ ಮನೆ, ಕೆಳಗೆ ನೆರಳಿನಲ್ಲಿ ಕಪ್ಪು ಕಾರು. ಊರು ಎರಡು ಮನೆಗೂ ಒಂದೇ, ತುಮಕೂರು. ಅಲ್ಲಿ ಅತ್ತೆಯವರಿದ್ದರು. ತೀರಿಕೊಂಡಿದ್ದ ಮಾವನವರ ವೈದಿಕ, ಅಂದರೆ ವರ್ಷದ ಶ್ರಾದ್ಧ, ಪುಷ್ಯ ಮಾಸದಲ್ಲಿ ಬರುತ್ತಿತ್ತು, ಹೊಸ ವರ್ಷದ ಹಿಂದುಮುಂದು. ವರ್ಷದಲ್ಲಿ ಏನು ತಪ್ಪಿದರೂ ಆ ಒಂದು ತಿಥಿಗೆ ಗಂಡುಮಕ್ಕಳಿಬ್ಬರೂ ಹೆಂಡಿರೊಡನೆ ಹೋಗಲೇಬೇಕು.

ನಾವು ರೈಲಿನಲ್ಲಿ ಹೋಗುತ್ತಿದ್ದೆವು. ಪುಣೆಯಲ್ಲಿ ಇಳಿದು ಮೀಟರ್ ಗೇಜಿನ ಗಾಡಿಗೆ ಟ್ರಂಕು ಹಾಸಿಗೆ ಹೊತ್ತುಕೊಂಡು ಓಡುವುದು, ಕಿಟಕಿಯಿಂದ ಕರ್ಚೀಫು ಎಸೆದು ಜಾಗ ಹಿಡಿಯುವುದು, ಆಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಒಂದೂವರೆ ದಿನ ಕೂರುವುದು. ರೈಲೂ ನಿಲ್ಲುತ್ತದೆ, ಆದರೆ ತನಗೆ ಬೇಕಾದ ಕಡೆ. ನಿಂತಾಗ ಇಳಿಯೋಣವೆಂದರೆ ನಮ್ಮ ಯಜಮಾನರು ನನ್ನ ಸೆರಗು ಹಿಡಿದು ಕೂರಿಸುತ್ತಿದ್ದರು. ಗಾಡಿ ಹೊರಟುಬಿಟ್ಟರೆ ಏನು ಗತಿ ಎನ್ನುವುದು ಅವರ ಒಂದೇ ಚಿಂತೆ. ಮೀರಜಿನಂಥ ಸ್ಟೇಷನ್ನಿನಲ್ಲಿ ಗಾಡಿ ಅರ್ಧ ಗಂಟೆ ನಿಂತರೂ ಅವರು ಗಡಿಯಾರ ನೋಡುತ್ತ ಕೂತಿರುತ್ತಿದ್ದರು, ನಾನು ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡುತ್ತ ಕೂತಿರುತ್ತಿದ್ದೆ.

ಅವರು ಹುಟ್ಟಿದ್ದೇ ಹಾಗೆ. ಜೋಗೇಶ್ವರಿಯಿಂದ ಚರ್ಚ್‌ಗೇಟಿಗೆ ದಿನಾ ಒಂದೇ ಲೋಕಲ್, ಒಂದೇ ಡಬ್ಬಿ, ಒಂದೇ ಬಾಗಿಲ ಹತ್ತಿರ. ಜೇಬಿನಲ್ಲಿ ಪಾಸ್ ಇತ್ತು. ನಡುವಿನ ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ಇಳಿಯಬಹುದಿತ್ತು. ಯಾವ ಸ್ಟೇಷನ್ನಿನ ಪ್ಲಾಟ್‌ಫಾರಂ ಯಾವ ಕಡೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದರು, ಆದರೆ ಅಣ್ಣನ ಮನೆಗೆಂದು ಬಾಂದ್ರಾದಲ್ಲಿ ಇಳಿದದ್ದು ಬಿಟ್ಟರೆ ಬೇರೆಲ್ಲೂ ಕಾಲಿಟ್ಟವರಲ್ಲ.

ಪ್ರತಿ ಜನವರಿ ಊರಿನಿಂದ ಬಂದ ಮೇಲೆ ಒಂದು ಭಾನುವಾರ ಬಾಂದ್ರಾಕ್ಕೆ ಹೋಗುವ ಪದ್ಧತಿ. ಗಂಡಸರು ಒಳಗೆ ಪೇಪರು ಓದುತ್ತಿದ್ದರು. ಓರಗಿತ್ತಿ ನನ್ನನ್ನು ಬಾಲ್ಕನಿಯಲ್ಲಿ ಕೂರಿಸಿಕೊಂಡು, ಕಾಫಿ ಕೊಟ್ಟು, ಕಾರು ನಿಂತ ಜಾಗಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಖಂಡಾಲದ ಘಾಟಿಯಲ್ಲಿ ಎಂಜಿನ್ ಬಿಸಿಯಾಗಿ ನಿಂತಾಗ ಬಂಡೆಯ ಸಂದಿಯಿಂದ ಬರುವ ನೀರಿಗೆ ಮುಖವೊಡ್ಡಿದ್ದು. ಸಾತಾರಾ ದಾಟಿದ ಮೇಲೆ ಆಲದ ಮರದ ಕೆಳಗೆ ಮಜ್ಜಿಗೆ ಮಾರುವ ಮುದುಕಿ, ಅವಳು ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿರುವ ಬಗೆ. ನಿಪ್ಪಾಣಿಯ ಹತ್ತಿರ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಆಗ ತಾನೇ ಇಳಿಸಿದ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ಊದಿ ಊದಿ ನೆಕ್ಕಿದ್ದು. ಹಾವೇರಿಯ ಕಡೆ ಹೊಲದಲ್ಲಿ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಕೊಡುವ ಸೀತೆನಿ. ಹೇಳುವಾಗ ಅವಳ ಕೈ ಎಲ್ಲವನ್ನೂ ಮತ್ತೆ ಮಾಡುತ್ತಿತ್ತು, ಎಲೆ ಹಿಡಿಯುವುದು, ಊದುವುದು, ನೆಕ್ಕುವುದು. ನನ್ನ ಕಾಫಿ ಲೋಟದಲ್ಲೇ ಆರಿಹೋಗುತ್ತಿತ್ತು.

ಮನೆಗೆ ಹೊರಟು ಲೋಕಲ್ ಹತ್ತಿದ ಮೇಲೆ ನಾನು ಯಜಮಾನರ ಮೇಲೆ ರೇಗುತ್ತಿದ್ದೆ. ಯಾಕೆ ರೇಗುತ್ತಿದ್ದೇನೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ನನ್ನ ಕೈಯಲ್ಲಿದ್ದದ್ದು ಒಂದೇ ಅಸ್ತ್ರ. ನಾನು ಬುತ್ತಿ ಕಟ್ಟುವುದರಲ್ಲಿ ಎತ್ತಿದ ಕೈ. ನಮ್ಮ ಮನೆತನದಲ್ಲಿ ಪ್ರಯಾಣವೆಂದರೆ ಬುತ್ತಿ. ಮನೆ ಬಿಟ್ಟವರು ಮನೆ ಸೇರುವವರೆಗೆ ಮನೆಯದನ್ನೇ ತಿನ್ನಬೇಕು, ಅದರಲ್ಲೂ ವೈದಿಕಕ್ಕೆ ಹೊರಟವರು. ನನ್ನ ಹುಳಿಯನ್ನ ಮೂರನೆಯ ದಿನಕ್ಕೂ ಹಳಸುತ್ತಿರಲಿಲ್ಲ. ಓರಗಿತ್ತಿ ಮಾತ್ರ ಬುತ್ತಿ ಎನ್ನುವುದನ್ನೇ ಕಟ್ಟಿದವಳಲ್ಲ. ಪ್ರತಿ ಸಲ ಒಂದೊಂದು ನೆಪ. ಒಂದು ವರ್ಷ ಅಕ್ಕಿ ಮುಗಿದಿತ್ತು, ಇನ್ನೊಂದು ವರ್ಷ ತಲೆನೋವು, ಮತ್ತೊಂದು ವರ್ಷ ಮರೆತೇ ಹೋಯಿತು. ಅತ್ತೆಯವರು ನನ್ನ ಬುಟ್ಟಿಯ ತಳದಲ್ಲಿ ಉಳಿದ ಎರಡು ಕೋಡುಬಳೆಯನ್ನು ಎತ್ತಿ ಹಿಡಿದು, ದೊಡ್ಡ ಸೊಸೆಗೆ ಕೇಳಿಸುವ ಹಾಗೆ, ಚಿಕ್ಕವಳನ್ನು ನೋಡಿ ಕಲಿತುಕೋ ಎನ್ನುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರಿಗೆ ನಾಲ್ಕು ತುತ್ತು ಕಟ್ಟಲಾರದ ಸೋಮಾರಿ ಎಂದೂ ಒಂದು ಸಲ ಅಂದರು. ಓರಗಿತ್ತಿ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಬಾಲ್ಕನಿಯಲ್ಲಿ ನೆಕ್ಕಿದ ಬೆಲ್ಲದ ಲೆಕ್ಕವೆಲ್ಲ ಅಲ್ಲಿ ತೀರಿತು ಎಂದುಕೊಳ್ಳುತ್ತಿದ್ದೆ.

ಮದುವೆಯಾದ ಐದನೆಯ ವರ್ಷ ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ. ಬ್ಯಾಂಕಿನಲ್ಲಿ ವರ್ಷದ ಕೊನೆಯ ಕೆಲಸ, ಒಬ್ಬರನ್ನೂ ಬಿಡುವುದಿಲ್ಲವೆಂದರು. ಪಿಂಡಪ್ರದಾನಕ್ಕೆ ಹಿರಿಯ ಮಗನಿದ್ದರೆ ಸಾಕು, ಆದರೆ ಮಡಿ ಅಡಿಗೆಗೆ ಸೊಸೆಯಂದಿರಿಬ್ಬರೂ ಬೇಕೆಂದು ಅತ್ತೆಯವರ ಕಾಗದ ಬಂತು. ಭಾವ ತಮ್ಮನಿಗೆ ಹೇಳಿ ಕಳಿಸಿದರು, ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ. ಯಜಮಾನರು ಇದನ್ನು ಚಪ್ಪಲಿ ಬಿಡುತ್ತ ಹೇಳಿದರು. ನಾನು ಅವರೆದುರು ಮುಖ ಗಂಟಿಕ್ಕಿ, ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ ಎಂದೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಿಂದಿಗೆ ತುಂಬುವಷ್ಟು ಹೊತ್ತು ಒಬ್ಬಳೇ ನಗುತ್ತ ನಿಂತಿದ್ದೆ.

ಇನ್ನೊಬ್ಬರ ಕಾರಿನಲ್ಲಿ ಬರಿಗೈಯಲ್ಲಿ ಹೋಗುವವಳಲ್ಲ ನಾನು. ಅದೂ ಅಲ್ಲದೆ, ಓರಗಿತ್ತಿಯ ಗಂಡನ ಎದುರಿಗೇ ನನ್ನ ಕೈ ತೋರಿಸುವ ಸಂದರ್ಭ ಮತ್ತೆ ಎಲ್ಲಿ ಸಿಗಬೇಕು? ಎರಡು ದಿನ ಸ್ಟವ್ ಆರಿಸಲಿಲ್ಲ. ಹುಳಿಯನ್ನ, ಸಾಸಿವೆ ಒಗ್ಗರಣೆಯ ಮೊಸರನ್ನ, ಹಾಲಿನಲ್ಲಿ ಕಲಸಿದ ಚಪಾತಿ, ಒಣ ಪಲ್ಯ, ಚಟ್ನಿಪುಡಿ, ಕೋಡುಬಳೆ, ರವೆಯುಂಡೆ. ಬೇಕಾದರೆ ಕಾರು ಓಡುತ್ತಿರುವಾಗಲೇ ತಿನ್ನಬಹುದಾದ ಹಾಗೆ ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಮುತ್ತುಗದ ಎಲೆಯಲ್ಲಿ ಕಟ್ಟಿ, ದಾರ ಸುತ್ತಿದೆ. ಮೂರು ಕೂಜಗಳಲ್ಲಿ ನೀರು. ಬಾಂದ್ರಾದಲ್ಲಿ ಕಾರಿನ ಹತ್ತಿರ ಎರಡು ಬುಟ್ಟಿ ಇಳಿಸಿದಾಗ ಓರಗಿತ್ತಿ ಅವುಗಳನ್ನೇ ನೋಡುತ್ತ ನಿಂತಳು. ಅವಳ ಮುಖ ಸಣ್ಣದಾಯಿತು. ಅಂತೂ ನಿನಗೂ ಉರಿಯಿತಲ್ಲ ಎಂದುಕೊಂಡು ನಾನು ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತೆ.

ಥಾಣೆ, ಪನ್ವೇಲ್ ದಾಟಿ ಘಾಟಿ ಹತ್ತಿದೆವು. ಖಂಡಾಲಕ್ಕೆ ಇನ್ನೂ ಒಂದು ತಿರುವು ಇದೆ ಎನ್ನುವಾಗ ಎಂಜಿನ್ನಿನಿಂದ ಹಬೆ ಎದ್ದಿತು. ಬಂತು ಬಂಡೆಯ ನೀರು ಎಂದು ನಾನು ಇಳಿಯಲು ಚಪ್ಪಲಿ ಮೆಟ್ಟಿಕೊಂಡೆ. ಭಾವ ಇಳಿದು ಡಬ್ಬ ಹುಡುಕಿದರು, ಹಿಂದಿನ ಸೀಟಿನಲ್ಲಿ ನನ್ನ ಕೂಜಗಳನ್ನು ಕಂಡರು. ಒಂದನ್ನು ಇಸಿದುಕೊಂಡು ರೇಡಿಯೇಟರಿಗೆ ಸುರಿದರು. ನೀರು ತರಲು ಯಾರೂ ಹೋಗಬೇಕಾಗಲಿಲ್ಲ. ಎಂಜಿನ್ ತಣಿದ ಕೂಡಲೇ ಹೊರಟೆವು. ತಿರುವಿನಾಚೆ ಬಂಡೆಯಿಂದ ನೀರು ಹಾರುತ್ತಿರುವುದು ಕಿಟಕಿಯಲ್ಲಿ ಕಂಡು ಹಿಂದಕ್ಕೆ ಹೋಯಿತು.

ಸಾತಾರಾ ದಾಟಿದ ಮೇಲೆ ಹಸಿವಾಯಿತೆಂದು ಭಾವ ಹೇಳಿದರು. ಓರಗಿತ್ತಿ ತಟ್ಟನೆ ಅವರ ಕಡೆ ತಿರುಗಿ, ಮುಂದೆ ಆಲದ ಮರ ಬರುತ್ತದಲ್ಲ ಎಂದಳು. ಅಷ್ಟರಲ್ಲಿ ನಾನು ಹಿಂದಿನಿಂದ ಚಾಚಿದ ಎಲೆಯ ಪೊಟ್ಟಣದ ಮೇಲೆ ಅವರ ಕಣ್ಣು ಬಿತ್ತು. ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಚಪಾತಿ ಸುರುಳಿ. ತಿಂದು ಮುಗಿಸಿ, ಇದಪ್ಪ ಪ್ರಯಾಣ ಎಂದರು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಂದಿಗೆ ನೇರ ಮಾತಾಡುವಂತಿಲ್ಲ, ಏನಿದ್ದರೂ ಓರಗಿತ್ತಿಯ ಮೂಲಕವೇ. ಹಾಗಾಗಿ ಅವರು ಹೊಗಳಿದ್ದೂ ಹೆಂಡತಿಗೆ ಹೇಳಿಯೇ, "ನೋಡು, ಹೀಗೆ ಕಟ್ಟಿಕೊಂಡು ಬಂದ್ರೆ ನಿಲ್ಲಿಸೋ ಗೋಜೇ ಇಲ್ಲ." ಆಲದ ಮರ ಬಂತು. ಮುದುಕಿಯೂ ಇದ್ದಳು, ಗಡಿಗೆಯೂ ಇತ್ತು, ಬಾಯಿಗೆ ಒದ್ದೆ ಬಟ್ಟೆಯೂ ಇತ್ತು. ಮುದುಕಿ ಗುರುತು ಹಿಡಿದು ಕೈ ಎತ್ತಿದಳು. ಕಾರು ಅವಳ ಮೇಲೆ ಧೂಳು ಹಾರಿಸಿ ಹೋಯಿತು.

ನಿಪ್ಪಾಣಿಯ ಆಲೆಮನೆಯ ವಾಸನೆ ಒಂದು ಫರ್ಲಾಂಗು ಮುಂಚೆಯೇ ಬಂತು. ನಾನು ಓರಗಿತ್ತಿಯ ಕಡೆ ನೋಡಿದೆ, ಒಂದು ಮಾತು ಹೇಳಲಿ ಎಂದು. ಅವಳು ಬಾಯಿ ತೆರೆಯಲಿಲ್ಲ. ಹೊಟ್ಟೆ ತುಂಬಿದ ಗಂಡಸಿಗೆ ಬೆಲ್ಲದ ವಾಸನೆಯಿಂದ ಏನಾಗಬೇಕು? ಬೆಳಗಾವಿಯಲ್ಲಿ ಪರಿಚಯದವರ ಮನೆಯಲ್ಲಿ ತಂಗಿ, ಮರುದಿನ ಹಾವೇರಿಯ ಹೊಲಗಳನ್ನು ಹುಳಿಯನ್ನ ಮೆಲ್ಲುತ್ತ ದಾಟಿದೆವು. ಮೂರು ದಿನದ ದಾರಿ ಎರಡೇ ದಿನಕ್ಕೆ ಮುಗಿದು ತುಮಕೂರು ಬಂತು. ನಾನು ನಾಲ್ಕು ವರ್ಷ ಬಾಲ್ಕನಿಯಲ್ಲಿ ಕೂತು ಆಸೆಪಟ್ಟ ಒಂದೊಂದು ಜಾಗವನ್ನೂ ನನ್ನ ಕೈಯಾರೆ ಕಟ್ಟಿದ ಪೊಟ್ಟಣಗಳೇ ನುಂಗಿ ಹಾಕಿದ್ದವು.

ಅತ್ತೆಯವರಿಗೆ ಹಿಡಿಸಲಾರದಷ್ಟು ಸಂತೋಷ. ದಾರಿಯಲ್ಲಿ ಕಂಡದ್ದನ್ನೆಲ್ಲ ತಿನ್ನದೆ, ಶುದ್ಧವಾಗಿ, ಒಂದು ದಿನ ಮುಂಚೆ ಬಂದ ಮಗ. ನನ್ನ ಗಲ್ಲ ಹಿಡಿದು ಹೊಗಳಿದರು. ದೊಡ್ಡ ಸೊಸೆಗೆ ಎಂದಿನ ಮಾತು ಎರಡು ಪಟ್ಟು ಸಿಕ್ಕಿತು. ಆ ಸಲ ನನಗೆ ಖುಷಿಯಾಗಲಿಲ್ಲ.

ವೈದಿಕದ ದಿನ ಬೆಳಿಗ್ಗೆ ಒದ್ದೆ ಸೀರೆಯುಟ್ಟು ಇಬ್ಬರೂ ಹಿತ್ತಲ ಒರಳಿನ ಮುಂದೆ ಕೂತಿದ್ದೆವು. ಅವಳು ತಿರುಗಿಸುತ್ತಿದ್ದಳು, ನಾನು ಉದ್ದು ತಳ್ಳುತ್ತಿದ್ದೆ. ಆಲದ ಮರ ದಾಟಿದ ಮೇಲೆ ದಾರಿಯುದ್ದಕ್ಕೂ ಯಾಕೆ ಒಂದು ಮಾತೂ ಆಡಲಿಲ್ಲವೆಂದು ಕೇಳಿದೆ. ಅವಳು ಗುಂಡನ್ನು ನಿಲ್ಲಿಸಲಿಲ್ಲ.

"ನನಗೆ ಬುತ್ತಿ ಕಟ್ಟೋಕೆ ಬರಲ್ಲ ಅಂದ್ಕೊಂಡಿದೀಯಾ? ನಮ್ಮಮ್ಮ ಮದುವೆ ಮನೆಗಳಿಗೆ ಅಡಿಗೆ ಮಾಡ್ತಿದ್ದೋಳು ಕಣೇ."

"ಮತ್ತೆ?"

"ನಿಮ್ಮ ಭಾವ ಮನೇಲಿ ದಿನಕ್ಕೆ ಹತ್ತು ಮಾತಾಡಲ್ಲ. ಕಾರು ಹತ್ತಿದ್ರೆ ಅದೂ ಇಲ್ಲ. ಹಸಿವಾಗಿ ಎಲ್ಲಾದ್ರೂ ನಿಲ್ಲಿಸಿ ಕೆಳಗಿಳಿದ್ರೆ ಮಾತ್ರ ನನ್ನ ಕಡೆ ತಿರುಗ್ತಾರೆ. ವರ್ಷಕ್ಕೆ ಆ ನಾಲ್ಕು ಜಾಗ. ಅದಕ್ಕೋಸ್ಕರ ಎಂಟು ವರ್ಷದಿಂದ ಸೋಮಾರಿ ಅನ್ನಿಸ್ಕೊಂಡಿದೀನಿ."

ನಾನು ಉದ್ದು ತಳ್ಳುವುದನ್ನು ಮರೆತೆ. ಗುಂಡು ಬರಿ ಕಲ್ಲಿನ ಮೇಲೆ ಕರಕರ ತಿರುಗಿತು. ಪಾಪ ಎನಿಸಬೇಕಾಗಿತ್ತು. ನಿಜ ಹೇಳುತ್ತೇನೆ, ಮೊದಲು ಎನಿಸಿದ್ದು ಹಾಗಲ್ಲ. ಇಷ್ಟು ಉಪಾಯ ಇವಳಿಗೆ ಹೊಳೆದು ನನಗೆ ಹೊಳೆಯಲಿಲ್ಲವಲ್ಲ ಎಂದು ಇನ್ನಷ್ಟು ಉರಿದುಕೊಂಡೆ. ಪಾಪ ಎನಿಸಿದ್ದು ಮಧ್ಯಾಹ್ನ, ಅತ್ತೆಯವರು ಬಡಿಸುವಾಗ ಮತ್ತೆ ಅದೇ ಮಾತು ಎತ್ತಿದಾಗ.

ಹಿಂತಿರುಗುವ ದಿನ ಅತ್ತೆಯವರು ತಾವೇ ಬುತ್ತಿ ಕಟ್ಟಿದರು. ದೊಡ್ಡವಳ ಮೇಲೆ ನಂಬಿಕೆಯಿಲ್ಲ, ಬುಟ್ಟಿಯನ್ನು ನನ್ನ ವಶಕ್ಕೆ ಕೊಟ್ಟರು. ನಾನು ಅದನ್ನು ನಡುಮನೆಯ ಬಾಗಿಲ ಹಿಂದೆ ಇಟ್ಟೆ. ನಮಸ್ಕಾರ ಮಾಡಿದೆ, ಕುಂಕುಮ ಇಡಿಸಿಕೊಂಡೆ, ಬರಿಗೈಯಲ್ಲಿ ಹೋಗಿ ಕಾರಿನಲ್ಲಿ ಕೂತೆ. ಶಿರಾ ದಾಟಿದ ಮೇಲೆ ಓರಗಿತ್ತಿ ಹಿಂದೆ ತಿರುಗಿ ನನ್ನ ಖಾಲಿ ಮಡಿಲು ನೋಡಿದಳು, ಪಕ್ಕದ ಸೀಟು ನೋಡಿದಳು. ಆಗ ನಾನು ಅಯ್ಯೋ ಬುತ್ತಿ ಎಂದು ಹಣೆ ಬಡಿದುಕೊಂಡೆ. ನಾಟಕದಲ್ಲಿ ಇದ್ದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಭಾವ ಗೊಣಗಿದರು, ಹಿಂದಕ್ಕೆ ಹೋಗಲು ಸಾಧ್ಯವಿಲ್ಲವೆಂದರು. ಓರಗಿತ್ತಿ ಮುಂದಕ್ಕೆ ತಿರುಗಿ ಕಿಟಕಿಯ ಗಾಜು ಇಳಿಸಿದಳು. ಆ ಬುಟ್ಟಿಯ ವಿಷಯಕ್ಕೆ ಅತ್ತೆಯವರು ಬದುಕಿರುವವರೆಗೂ ನನ್ನನ್ನು ಬಯ್ದರು.

ಹಾವೇರಿಯ ಇತ್ತ ಕಡೆ ಭಾವನಿಗೆ ಹಸಿವು ತಡೆಯಲಾಗಲಿಲ್ಲ. ಹೊಲದ ಬದಿಗೆ ಕಾರು ನಿಂತಿತು. ಎಂಜಿನ್ ಆರಿದ ಮೇಲೆ ಎರಡು ಗಳಿಗೆ ಕಿವಿಯಲ್ಲಿ ಅದರ ಸದ್ದೇ ಉಳಿದಿತ್ತು, ಆಮೇಲೆ ಹಕ್ಕಿಗಳ ಕೂಗು ಕೇಳಿಸಿತು. ನೆಲ ಕಪ್ಪಗೆ ಬಿರುಕು ಬಿಟ್ಟು ಚಪ್ಪಲಿಯ ಕೆಳಗೆ ಮೆತ್ತಗಿತ್ತು. ಹೊಲದವನ ಹೆಂಡತಿ ಗುಂಡಿಯ ಕೆಂಡದಿಂದ ತೆನೆ ತೆಗೆದು ಗೋಣಿಚೀಲದಲ್ಲಿ ಸುತ್ತಿ ಬಡಿಯುತ್ತಿದ್ದಳು. ಹಸಿರು ಕಾಳು ಮುತ್ತಿನ ಹಾಗೆ ಉದುರುತ್ತಿದ್ದವು. ಕಾರಿನೊಳಗೆ ಕೂತು ತಿನ್ನೋಣವೇ ಎಂದು ನಾನು ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟಳು. "ಹೊಲದಾಗ ಕುಂತು ತಿಂದ್ರನ ಇದರ ರುಚಿ ನೋಡವ್ವಾ," ಎಂದು ಒಂದು ಕಂಬಳಿ ಹಾಸಿದಳು. ಕಾಳು ಬಾಯಲ್ಲಿಟ್ಟರೆ ಹಾಲು ಒಡೆಯಿತು, ಸಿಹಿ, ಅದರ ಹಿಂದೆಯೇ ಹೊಗೆಯ ವಾಸನೆ, ಮೇಲೆ ಶೇಂಗಾ ಚಟ್ನಿಯ ಖಾರ. ಓರಗಿತ್ತಿ ಬಾಲ್ಕನಿಯಲ್ಲಿ ಹೇಳಿದ್ದು ಅದರ ಅರ್ಧವೂ ಆಗಿರಲಿಲ್ಲ.

ಆಗ ಭಾವನನ್ನು ನೋಡಿದೆ. ಪ್ಯಾಂಟು ಮೊಣಕಾಲವರೆಗೆ ಮಡಿಸಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಂದು ತೆನೆಯನ್ನು ಅಂಗೈಗಳ ನಡುವೆ ಉಜ್ಜಿ, ಹೊಟ್ಟನ್ನು ಊದಿ, ಉಳಿದ ಕಾಳನ್ನು ಹೆಂಡತಿಯ ಬೊಗಸೆಗೆ ಹಾಕಿದರು. ಮತ್ತೆ ಉಜ್ಜಿದರು, ಮತ್ತೆ ಹಾಕಿದರು. ತಾವು ಓದುವಾಗ ಯಾರದೋ ಹೊಲದಲ್ಲಿ ಅವರೆಕಾಯಿ ಕದ್ದು ಪೆಟ್ಟು ತಿಂದದ್ದನ್ನು ಹೇಳುತ್ತಿದ್ದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನನ್ನ ನೆನಪಾಗಿ ಅವರು, ಅವಳಿಗೂ ಕೊಡು ಎಂದರು. ಅವಳು ಒಂದು ಹಿಡಿ ತಂದುಕೊಟ್ಟು ಬೇಗ ಹಿಂದಕ್ಕೆ ಹೋದಳು. ಆ ಹಿಡಿ ಕಾಳನ್ನು ನಾನು ಸೆರಗಿನ ತುದಿಯಲ್ಲಿ ಕಟ್ಟಿಟ್ಟೆ. ನಾಲ್ಕು ವರ್ಷದಲ್ಲಿ ನನ್ನ ಅಂಗೈಗೆ ಯಾರೂ ಏನನ್ನೂ ಉಜ್ಜಿ ಊದಿ ಹಾಕಿರಲಿಲ್ಲ. ಆ ಕಾರಿನಲ್ಲಿ ಎಷ್ಟು ಸಲ ಕೂತರೂ, ಅದು ಎಷ್ಟು ಕಡೆ ನಿಂತರೂ, ನಾನು ಕಂಬಳಿಯ ಈ ತುದಿಯಲ್ಲೇ ಎಂದು ತಿಳಿಯಿತು. ಆಲೆಮನೆ, ಆಲದ ಮರ, ಘಾಟಿಯ ನೀರು, ಎಲ್ಲ ಕಡೆಯೂ ನಿಂತೆವು. ಎಲ್ಲ ಕಡೆಯೂ ನಾನು ಸ್ವಲ್ಪ ದೂರ ಹೋಗಿ, ಏನನ್ನೋ ನೋಡುವವಳ ಹಾಗೆ ಬೆನ್ನು ತಿರುಗಿಸಿ ನಿಂತೆ.

ಜೋಗೇಶ್ವರಿಗೆ ಬಂದ ಮೇಲೆ ಯಜಮಾನರು ಪ್ರಯಾಣ ಹೇಗಾಯಿತೆಂದು ಕೇಳಿದರು. ಚೆನ್ನಾಗಾಯಿತು ಎಂದೆ. ಸರಿ ಎಂದು ಅವರು ಗಡಿಯಾರಕ್ಕೆ ಕೀಲಿ ಕೊಡಲು ಹೋದರು. ನಾಲ್ಕು ವರ್ಷ ನಾನು ಅವರ ಕೈಗೆ ದಿನಾ ಬೆಳಿಗ್ಗೆ ತಿಂಡಿಯ ಡಬ್ಬಿ ಕೊಟ್ಟಿದ್ದೆ. ಊರಿಗೆ ಹೋದಾಗಲೂ ನೆರೆಮನೆಯವರಿಂದ ಕಟ್ಟಿಸಿ, ಒಂದು ದಿನವೂ ತಪ್ಪಿಸದವಳೆಂದು ಚಾಳಿನಲ್ಲೆಲ್ಲ ಹೆಸರು.

ಆ ಶನಿವಾರ ನಾನು ಡಬ್ಬಿ ಕಟ್ಟಲಿಲ್ಲ. ಮೈ ಸರಿಯಿಲ್ಲವೆಂದೆ. ಶನಿವಾರ ಬ್ಯಾಂಕು ಅರ್ಧ ದಿನ, ಹಸಿದುಕೊಂಡು ಬೇಗ ಬರುತ್ತಾರೆ, ಆಗ ಎಲ್ಲಾದರೂ ಹೋಗೋಣ ಎಂದು ನಾನೇ ಬಾಯಿಬಿಟ್ಟು ಕೇಳಬೇಕೆಂದು ಒಳ್ಳೆಯ ಸೀರೆ ಉಟ್ಟು ಕೂತೆ. ಬರುವ ಹೊತ್ತಿಗೆ ಬರಲಿಲ್ಲ. ಎರಡು ಗಂಟೆ ತಡವಾಗಿ ಬಂದರು, ಶರ್ಟಿನ ತೋಳು ಮಡಿಸಿಕೊಂಡು. ಹಸಿವು ತಾಳಲಾರದೆ ದಾದರಿನಲ್ಲಿ ಇಳಿದುಬಿಟ್ಟರಂತೆ. ಪಾಸ್ ತೆಗೆದುಕೊಂಡ ಮೇಲೆ ಮೊದಲ ಸಲ. ಸ್ಟೇಷನ್ನಿನ ಹೊರಗೆ ನಮ್ಮ ಕರಾವಳಿಯವರ ಹೋಟೆಲು, ಅಲ್ಲಿ ಕಾವಲಿಯಿಂದ ಎಲೆಗೆ ಬೀಳುವ ದೋಸೆ, ಮಾಣಿ ಐದು ಲೋಟ ಒಂದೇ ಕೈಯಲ್ಲಿ ಹಿಡಿಯುವ ಬಗೆ, ಆಮೇಲೆ ಸುಮ್ಮನೆ ಹೂವಿನ ಮಾರ್ಕೆಟ್ಟಿನ ನಡುವೆ ನಡೆದದ್ದು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತು ಹೇಳಿದರು. ಕೈಯಲ್ಲಿ ಲೋಟ ಹಿಡಿದು ತೋರಿಸಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನನ್ನ ಹೊಟ್ಟೆ ಧಗಧಗ ಉರಿಯಿತು. ಓರಗಿತ್ತಿಯ ಬಾಲ್ಕನಿಯಲ್ಲೂ ಅಷ್ಟು ಉರಿದಿರಲಿಲ್ಲ. ನಾನು ಡಬ್ಬಿ ಕಟ್ಟದೆ ಬಿಟ್ಟದ್ದಕ್ಕೆ ಇವರಿಗೆ ದಾದರ್ ಸಿಕ್ಕಿತು, ನನಗೆ ಏನು ಸಿಕ್ಕಿತು?

"ನೀನೂ ಇರಬೇಕಾಗಿತ್ತು ಕಣೇ," ಎಂದರು ಅವರು.

ಮುಂದಿನ ಶನಿವಾರ ನಾನು ಅವರಿಗೆ ಡಬ್ಬಿ ಕಟ್ಟಲಿಲ್ಲ. ನನಗೂ ಏನೂ ಮಾಡಿಕೊಳ್ಳಲಿಲ್ಲ, ಸ್ಟವ್ ಹಚ್ಚಲೇ ಇಲ್ಲ. ಹನ್ನೆರಡು ಗಂಟೆಗೆ ಬಾಗಿಲಿಗೆ ಬೀಗ ಹಾಕಿ, ದಾದರಿಗೆ ಟಿಕೆಟು ತೆಗೆದುಕೊಂಡು, ಬರಿಗೈಯಲ್ಲಿ, ಚೆನ್ನಾಗಿ ಹಸಿದುಕೊಂಡು ಲೋಕಲ್ ಹತ್ತಿದೆ.